ಹೆಗಲ ಮೇಲಿನ ಗೆರೆ

ಕೊಪ್ಪ ತಾಲ್ಲೂಕಿನ ನಾರ್ವೆಯ ನಮ್ಮ ಮನೆಯಂಗಳದ ಮೂಲೆಯಲ್ಲಿ ಅಡಿಕೆ ಬೇಯಿಸುವ ಒಲೆಯೊಂದಿದೆ. ಮಾವಯ್ಯ ಜಂಬಿಟ್ಟಿಗೆ ತರಿಸಿ ಕಟ್ಟಿಸಿದ್ದು. ದೀಪಾವಳಿ ಹೊತ್ತಿಗೆ ಕೊಯ್ಲು ಶುರುವಾಯಿತೆಂದರೆ ಅದರ ಮೇಲೆ ತಾಮ್ರದ ಹಂಡೆ ಏರುತ್ತದೆ. ಮತ್ತೆ ಎರಡು ಎರಡೂವರೆ ತಿಂಗಳು ಆ ಬೆಂಕಿ ಪೂರ್ತಿ ಆರುವುದೇ ಇಲ್ಲ. ಸುಲಿದ ಅಡಿಕೆ ರಾತ್ರಿಯೇ ಬೇಯಬೇಕು, ಬೆಳಗಾದರೆ ಅಟ್ಟಕ್ಕೆ ಹೋಗಬೇಕು. ಚೊಗರು ಕುದಿಯುವ ಒಗರು ವಾಸನೆ ಸೀರೆಗೆ, ತಲೆಗೂದಲಿಗೆ, ಮಕ್ಕಳ ಪಾಠಪುಸ್ತಕಕ್ಕೆ ಕೂಡ ಹತ್ತಿಕೊಳ್ಳುತ್ತದೆ. ಊರಿನ ಮದುವೆ, ಜಗಳ, ದೆವ್ವ, ಹುಲಿ, ಎಲ್ಲ ಕಥೆಗಳನ್ನೂ ನಾನು ಕೇಳಿದ್ದು ಆ ಒಲೆಯ ಮುಂದೆಯೇ.

ಈ ಕಥೆಯನ್ನು ಮಾತ್ರ ಅಲ್ಲಿ ಯಾರೂ ಹೇಳಿಲ್ಲ. ಇದು ಯಾರದ್ದೋ ಅವನು ಈಗಲೂ ಆ ಒಲೆಗೆ ಕಟ್ಟಿಗೆ ನೂಕುತ್ತ ಕೂರುತ್ತಾನೆ. ಅವನ ಹೆಸರು ಬರೆಯುವುದಿಲ್ಲ. ಅವನನ್ನು ಕರೆದೊಯ್ದ ಠಾಣೆಯ ಹೆಸರೂ ಬೇಡ. ಕೊನೆಗಾರ ಎಂದರೆ ಸಾಕು.

ಕೊನೆಗಾರನ ಕೆಲಸ ನೋಡದವರಿಗೆ ಅದು ಎಂಥದ್ದು ಎಂದು ಹೇಳಬೇಕು. ಐವತ್ತು ಅರವತ್ತು ಅಡಿ ಎತ್ತರದ ಅಡಿಕೆಮರ, ತೊಡೆಯಷ್ಟೂ ದಪ್ಪವಿಲ್ಲ. ಕಾಲಿಗೆ ತಳೆ ಹಾಕಿಕೊಂಡು, ಅಂಗಾಲಿನಿಂದ ಮರವನ್ನು ಒತ್ತಿ ಹಿಡಿದು, ಹುಳುವಿನ ಹಾಗೆ ಮೈ ಕುಗ್ಗಿಸಿ ಹಿಗ್ಗಿಸಿ ಏರಬೇಕು. ಒಂದು ಮರದ ಕೊನೆ ತೆಗೆದ ಮೇಲೆ ಇಳಿಯುವುದಿಲ್ಲ. ಮರವನ್ನೇ ತೂಗಿ, ಪಕ್ಕದ ಮರವನ್ನು ಕೈಗೆಳೆದುಕೊಂಡು, ಅದಕ್ಕೆ ದಾಟಿಕೊಳ್ಳುವುದು. ನಮ್ಮವನು ಒಮ್ಮೆ ಹತ್ತಿದರೆ ಹತ್ತಿಪ್ಪತ್ತು ಮರ ದಾಟಿಯೇ ನೆಲ ಮುಟ್ಟುತ್ತಿದ್ದ. ಕೊಯ್ದ ಕೊನೆಯನ್ನು ಕೆಳಕ್ಕೆ ಎಸೆಯುವ ಹಾಗಿಲ್ಲ, ಅಡಿಕೆ ಚೆಲ್ಲಿಹೋಗುತ್ತದೆ. ಹಗ್ಗಕ್ಕೆ ಸಿಕ್ಕಿಸಿ ಜಾರಿಸಬೇಕು, ಕೆಳಗೆ ಒಬ್ಬರು ತುದಿ ಹಿಡಿದಿರಬೇಕು. ಆ ಹಗ್ಗ ಬೆಳಗಿನಿಂದ ಸಂಜೆವರೆಗೆ ಅವನ ಎಡ ಹೆಗಲ ಮೇಲೆ. ಕೊಯ್ಲು ಶುರುವಾದ ವಾರದಲ್ಲಿ ಅಲ್ಲಿ ಚರ್ಮ ಸುಲಿದು ಕೆಂಪಾಗುತ್ತಿತ್ತು, ಆಮೇಲೆ ಕಪ್ಪಾಗಿ ದಡ್ಡುಗಟ್ಟುತ್ತಿತ್ತು. ಕುತ್ತಿಗೆಯ ಬುಡದಿಂದ ತೋಳಿನವರೆಗೆ ಎರಡು ಬೆರಳಗಲದ ಒಂದು ಗೆರೆ.

ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷವಾಗಿತ್ತು. 2005ನೇ ಇಸವಿ. ಆ ವರ್ಷ ನಮ್ಮ ಕೊಪ್ಪ, ಶೃಂಗೇರಿ ಸೀಮೆ ಹೇಗಿತ್ತೆಂದು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಫೆಬ್ರವರಿ 6ರಂದು ಮೆಣಸಿನಹಾಡ್ಯದ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತಿದ್ದರು. ಅದಾಗಿ ನಾಲ್ಕೈದು ದಿನಕ್ಕೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ರಾತ್ರಿ ದಾಳಿಯಾಯಿತು. ಆ ಹೊಡೆತಕ್ಕೆ ಈ ಹೊಡೆತ ಎಂದು ಊರಲ್ಲಿ ಆಡಿಕೊಂಡರು. ಮತ್ತೆ ನಮ್ಮ ಕಡೆ ಎಲ್ಲೆಲ್ಲೂ ಖಾಕಿ, ಹಸಿರು ಚುಕ್ಕೆಯ ಬಟ್ಟೆ. ಸೇತುವೆ ಹತ್ತಿರ ತಪಾಸಣೆ, ಬಸ್ಸಿನಿಂದ ಇಳಿಸಿ ಚೀಲ ಬಿಚ್ಚಿಸುವುದು. ಅಂಗಡಿಯಲ್ಲಿ ಯಾರಾದರೂ ಹತ್ತು ಕೆಜಿ ಅಕ್ಕಿ ಒಟ್ಟಿಗೆ ಕೊಂಡರೆ ಯಾರಿಗೆ ಎಂಬ ಪ್ರಶ್ನೆ.

ಕಾಡಿನಂಚಿನ ಗೌಡ್ಲು, ಹಸಲರು, ಮಲೆಕುಡಿಯರ ಮನೆಗಳಿಗೆ ಎರಡೂ ಕಡೆಯಿಂದ ಕಷ್ಟ. ಕುದುರೆಮುಖವನ್ನು 1987ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಗುರುತಿಸಿದ್ದರು. ಮನೆ ಖಾಲಿ ಮಾಡಿಸುತ್ತಾರೆ ಎಂಬ ಹೆದರಿಕೆ ಆ ಜನರ ಎದೆಯಲ್ಲಿ ಕೂತಿತ್ತು. ನಕ್ಸಲರಿಗೆ ಆ ಮನೆಗಳ ಬಾಗಿಲು ತೆರೆದದ್ದು ಆ ಹೆದರಿಕೆಯಿಂದಲೇ. ರಾತ್ರಿ ಬಂದೂಕು ಹಿಡಿದು ಬಂದವರು ಗಂಜಿ ಕೇಳಿದರೆ ಇಲ್ಲವೆನ್ನುವುದು ಹೇಗೆ? ಬೆಳಿಗ್ಗೆ ಬಂದೂಕು ಹಿಡಿದು ಬಂದವರು ಯಾಕೆ ಕೊಟ್ಟೆ ಎಂದರೆ ಹೇಳುವುದೇನು? ಪೊಲೀಸರಿಗೆ ಸುದ್ದಿ ಕೊಟ್ಟರೆಂದು ನಕ್ಸಲರೂ ನಮ್ಮ ಮಲೆನಾಡಿನವರನ್ನು ಕೊಂದಿದ್ದಾರೆ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ತಪ್ಪಾಗುತ್ತದೆ.

ದೀಪಾವಳಿ ಕಳೆದು ನಾಲ್ಕೋ ಐದೋ ದಿನ. ಮಧ್ಯಾಹ್ನ ಮಳೆ ಹೊಡೆದು ನಿಂತಿತ್ತು, ಕರೆಂಟಿಲ್ಲ. ಜಗಲಿಯ ಮೇಲೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಮುಯ್ಯಾಳಿಗೆ ಬಂದ ಅಕ್ಕಪಕ್ಕದ ಮನೆಯವರು ಆರೇಳು ಮಂದಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದರು. ಕೂಲಿಗೆ ಬಂದವರು ಅಂಗಳದಲ್ಲಿ, ಒಲೆಯ ಹತ್ತಿರ. ಇಬ್ಬರು ಹೆಂಗಸರು, ಇಬ್ಬರು ಮುದುಕರು, ಮತ್ತೆ ಅವನು. ಅಂದು ಸಂಜೆ ತೋಟದಿಂದ ಬಂದಾಗ ಅವನ ಹೆಗಲಿಗೆ ಹಚ್ಚಿಕೊಳ್ಳಲಿಕ್ಕೆಂದು ಗರಟೆಯಲ್ಲಿ ಕೊಬ್ಬರಿ ಎಣ್ಣೆ ಕೊಟ್ಟಿದ್ದು ನಾನೇ. ಹಚ್ಚಿಕೊಂಡು ಮೇಲೆ ಟವೆಲ್ ಹೊದ್ದು ಕೂತಿದ್ದ.

ಎಂಟೂವರೆ ಇರಬೇಕು, ತೋಟದ ದಾರಿಯಲ್ಲಿ ಎರಡು ಜೀಪಿನ ದೀಪ ಕಂಡಿತು. ಅಡಿಕೆಮರದ ನೆರಳುಗಳು ಅಂಗಳದ ತುಂಬ ಓಡಿದವು. ಏಳೆಂಟು ಜನ ಇಳಿದರು. ಮುಂದೆ ಬಂದವರು ಜಗಲಿಯ ಕಡೆ ನೋಡಿ, “ಯಜಮಾನ್ರು ಯಾರು?” ಎಂದರು.

“ನಾನೇ. ಬನ್ನಿ, ಕೂತ್ಕೊಳ್ಳಿ,” ಎಂದರು ಮಾವಯ್ಯ.

ಅವರು ಕೂರಲಿಲ್ಲ. ಹೊಸಬರು ಯಾರಾದರೂ ಬಂದಿದ್ದರಾ, ಅಕ್ಕಿ ಬೇಳೆ ಕೇಳಿದ್ದರಾ ಎಂದು ವಿಚಾರಿಸಿದರು. ಮಾತು ಮರ್ಯಾದೆಯದ್ದೇ. ನೀವು, ತಾವು. ಜಗಲಿಯ ಮೇಲಿದ್ದ ಒಬ್ಬರನ್ನೂ ಹೆಸರು ಕೇಳಲಿಲ್ಲ, ಯಾವ ಮನೆ ಎನ್ನಲಿಲ್ಲ. ಅವರಲ್ಲಿ ಇಬ್ಬರು ತೀರ್ಥಹಳ್ಳಿ ಕಡೆಯಿಂದ ನೆಂಟರ ಮನೆಗೆ ಬಂದ ಹುಡುಗರು, ಊರಿಗೆ ಪೂರ್ತಿ ಹೊಸಬರು. ಅವರ ಮೇಲೆ ಟಾರ್ಚು ಕೂಡ ಬೀಳಲಿಲ್ಲ. ಟಾರ್ಚು ಅಂಗಳಕ್ಕೆ ತಿರುಗಿತು.

“ಏಳಲೇ.”

ಅವನು ಎದ್ದು ನಿಂತ.

“ಯಾವೂರು ನಿಂದು?”

ಹೇಳಿದ. ಕಾಡಿನಂಚಿನ ಹಾಡಿಯ ಹೆಸರು. ಅದು ಸಾಕಾಯಿತು. ಲಾಠಿಯ ತುದಿಯಿಂದ ಹೆಗಲ ಟವೆಲ್ ಎತ್ತಿ ಕೆಳಗೆ ಬೀಳಿಸಿದರು. ಟಾರ್ಚಿನ ಬೆಳಕಿಗೆ ಎಣ್ಣೆ ಹಚ್ಚಿದ ಆ ಕಪ್ಪು ಗೆರೆ ಮಿಂಚಿತು.

“ಇದೇನಿದು?”

“ಹಗ್ಗದ್ದು ಸ್ವಾಮಿ. ಕೊನೆ ಹಗ್ಗದ್ದು.”

“ಹಗ್ಗದ್ದೋ ಬಂದೂಕಿನ ಪಟ್ಟಿದೋ?”

ಆ ಹಗ್ಗ ಅವನಿಂದ ನಾಲ್ಕು ಹೆಜ್ಜೆ ದೂರದ ಕಂಬಕ್ಕೆ ಸುತ್ತಿ ನೇತು ಹಾಕಿತ್ತು. ಅದರ ಪಕ್ಕದಲ್ಲಿ ತಳೆ, ಕತ್ತಿ. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಕಾಣುತ್ತಿತ್ತು. ಜಗಲಿಯ ಆರೇಳು ಮಂದಿಗೂ ಕಾಣುತ್ತಿತ್ತು. ಅಲ್ಲಿ ನೋಡಿ ಎಂದು ಬೆರಳು ತೋರಿಸಿದರೆ ಮುಗಿಯುತ್ತಿತ್ತೋ ಏನೋ. ಯಾರ ಬೆರಳೂ ಏಳಲಿಲ್ಲ. ಹೊರಗಿನ ಗಂಡಸರ ಮುಂದೆ ಸೊಸೆ ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಇಪ್ಪತ್ತು ವರ್ಷ ನಾನು ಆ ಪದ್ಧತಿಯನ್ನು ನೆಪ ಮಾಡಿಕೊಂಡಿದ್ದೇನೆ. ನಿಜವಾಗಿ ನನ್ನ ನಾಲಿಗೆ ಒಣಗಿತ್ತು.

ಮಾವಯ್ಯ ಒಂದು ಮಾತು ಹೇಳಿದರು, ಅದನ್ನು ಮರೆಯಬಾರದು. “ಸಾರ್, ಅವ ನಮ್ಮ ಆಳು. ಹತ್ತು ವರ್ಷದಿಂದ ನಮ್ಮ ತೋಟದ ಕೊನೆ ತೆಗೆಯೋದು ಅವನೇ.”

“ಹಗಲು ನಿಮ್ಮ ಆಳು ಯಜಮಾನ್ರೇ. ರಾತ್ರಿ ಯಾರ ಆಳೋ, ನಿಮಗೆ ಗೊತ್ತಾ?”

ಮಾವಯ್ಯನ ಹತ್ತಿರ ಉತ್ತರವಿರಲಿಲ್ಲ. ಹತ್ತು ವರ್ಷದಲ್ಲಿ ಅವರು ಒಮ್ಮೆಯೂ ಅವನ ಮನೆಗೆ ಹೋದವರಲ್ಲ.

ಮೊದಲ ಏಟು ಮೊಣಕಾಲ ಹಿಂದಕ್ಕೆ ಬಿತ್ತು. ಅವನು ಕುಸಿದದ್ದು ಸುಲಿದ ಸಿಪ್ಪೆಯ ರಾಶಿಯ ಮೇಲೆ. ಎರಡನೆಯದು, ಮೂರನೆಯದು. ಓಡಲಿಲ್ಲ, ಕೈ ಎತ್ತಲಿಲ್ಲ, ಬೈಯಲಿಲ್ಲ. ಹಂಡೆಯ ಚೊಗರು ಉಕ್ಕಿ ಬೆಂಕಿಗೆ ಬಿದ್ದು ಚುಂಯ್ ಎಂದಿತು. ಕೂಲಿಯ ಹೆಂಗಸೊಬ್ಬಳು ಎದ್ದು ಉರಿ ಹಿಂದಕ್ಕೆಳೆದಳು. ಆ ಹೊತ್ತಿನಲ್ಲಿ ಅಲ್ಲಿ ಅಲ್ಲಾಡಿದ ಜೀವ ಅವಳೊಬ್ಬಳೇ.

ಅವನನ್ನು ಜೀಪಿಗೆ ಹತ್ತಿಸುವಾಗ ಹಿತ್ತಲ ಬಾಗಿಲಿಗೆ ಒಬ್ಬ ಹುಡುಗ ಪೊಲೀಸ್ ಬಂದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. “ಅಕ್ಕಾರ, ಒಂದೀಟು ಉಪ್ಪ ಕೊಡ್ರಿ,” ಎಂದ. ಬೂಟು ಬಿಚ್ಚಿದರೆ ಕಾಲುಚೀಲ ರಕ್ತದಲ್ಲಿ ತೊಯ್ದಿತ್ತು. ಉಂಬಳ. ಮೀನಖಂಡದಲ್ಲಿ ಐದಾರು ಕಚ್ಚಿಕೊಂಡು ದ್ರಾಕ್ಷಿಯಷ್ಟು ಉಬ್ಬಿದ್ದವು. ನಾನು ಉಪ್ಪು ಕೊಟ್ಟೆ. ಅವನ ಕೈ ನಡುಗುತ್ತಿತ್ತು. ಬಯಲುಸೀಮೆಯ ಹುಡುಗ, ಕಾಡು ನೋಡಿದವನಲ್ಲ, ಯಾವ ಮರದ ಹಿಂದಿನಿಂದ ಗುಂಡು ಬರುತ್ತದೋ ಎಂದು ಹಗಲು ರಾತ್ರಿ ಹೆದರಿ ಅಲೆಯುವವನು. ಅಂಗಳದಲ್ಲಿ ಏಟು ಹಾಕಿದವರಲ್ಲಿ ಅವನಿದ್ದನೋ ಇಲ್ಲವೋ ನಾನು ನೋಡಿರಲಿಲ್ಲ. ಆದರೂ ಅವನ ಆ ನಡುಗುವ ಕೈ ನನ್ನ ಲೆಕ್ಕದಲ್ಲಿದೆ. ಹೆದರಿದವನ ಕೈಗೆ ಲಾಠಿ, ಬಂದೂಕು ಕೊಟ್ಟು, ಯಾರ ಮೇಲೆ ಎತ್ತಬೇಕು ಎಂಬುದನ್ನು ಅವನ ಅಂದಾಜಿಗೆ ಬಿಟ್ಟರೆ ಆ ಅಂದಾಜು ಎಲ್ಲಿಂದ ಬರುತ್ತದೆ?

ನಮ್ಮ ಅಂಗಳದಿಂದಲೇ ಬಂತು. ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಊರು ಗೊತ್ತಿಲ್ಲದ ಪೊಲೀಸರಿಗೆ ಯಾರು ಏನು ಎಂದು ಗುರುತು ಹೇಳಿದವರು ಯಾರು? ಜಗಲಿಯ ಮೇಲೆ ಕೂತವರು ಯಾರು, ಅಂಗಳದಲ್ಲಿ ಕೂತವರು ಯಾರು ಎಂದು ನಾವೇ ವಿಂಗಡಿಸಿ ಇಟ್ಟಿದ್ದೆವಲ್ಲ. ಅವರು ಅಂಗಳಕ್ಕೆ ಕಾಲಿಟ್ಟ ಗಳಿಗೆಯಲ್ಲೇ ಅದನ್ನು ಓದಿಕೊಂಡರು. ಮಾವಯ್ಯನಿಗೆ ‘ನೀವು’, ಅವನಿಗೆ ‘ಏಳಲೇ’. ಆ ಏಕವಚನವನ್ನು ಅವರು ಠಾಣೆಯಿಂದ ತಂದಿರಲಿಲ್ಲ. ನಮ್ಮ ಮನೆಯಲ್ಲಿ ಏಳು ವರ್ಷದ ಹುಡುಗನೂ ಅವನನ್ನು ‘ಬಾರೋ, ಹೋಗೋ’ ಎಂದೇ ಕರೆಯುತ್ತಿದ್ದ.

ಮರುದಿನ ಮಾವಯ್ಯ ಠಾಣೆಗೆ ಹೋದರು. ಹಿಂದೆ ಸ್ವಲ್ಪ ದೂರದಲ್ಲಿ ಅವನ ಹೆಂಡತಿ, ಕಂಕುಳಲ್ಲಿ ಮಗು. ಮಾವಯ್ಯನಿಗೆ ಕುರ್ಚಿ ಹಾಕಿ ಚಾ ಕೊಟ್ಟರಂತೆ, ವಿಚಾರಣೆ ಮುಗಿದ ಮೇಲೆ ಕಳಿಸುತ್ತೇವೆ ಎಂದರಂತೆ. ಅವಳಿಗೆ ಗೇಟಿನ ಹತ್ತಿರವೇ “ಆಚೆ ಹೋಗು” ಎಂದರು. ಮಾವಯ್ಯ ಮನೆಗೆ ಬಂದು, “ಚಾ ಕೊಟ್ಟರು” ಎಂದಷ್ಟೇ ಹೇಳಿ ಒಳಗೆ ಹೋಗಿ ಮಲಗಿದರು.

ಅವತ್ತು ರಾತ್ರಿ, ಮರುರಾತ್ರಿ ಜಗಲಿಯ ಮೇಲೆ ಇದೇ ಚರ್ಚೆ. ಶಿವಮೊಗ್ಗದಲ್ಲಿ ಲಾ ಓದುತ್ತಿದ್ದ ನನ್ನ ಮೈದುನ ರಜಕ್ಕೆ ಬಂದಿದ್ದ. ಅವನು ಕೆರಳಿದ್ದ. ಪಕ್ಕದ ಮನೆಯ ಹಿರಿಯರೊಬ್ಬರು ಅಡಿಕೆ ಸೀಳುತ್ತಲೇ ಹೇಳಿದರು: “ಪೊಲೀಸರು ಬೇರೆ ಎಂತ ಮಾಡ್ಬೇಕು ಮಾರಾಯ? ನಕ್ಸಲರ ಹಣೇಲಿ ಬರೆದಿರತ್ತಾ? ಸಂಶಯ ಬಂದಲ್ಲಿ ಕೇಳ್ಲೇಬೇಕು. ನಾಳೆ ನಿನ್ನ ಮನೆಗೇ ಬಂದೂಕು ಹಿಡ್ಕೊಂಡು ಬಂದ್ರೆ ಇದೇ ಪೊಲೀಸರನ್ನ ಕರೀತೀಯ.”

ಮಾತು ಸುಳ್ಳಲ್ಲ. ನಾವೆಲ್ಲ ರಾತ್ರಿ ಚಿಲಕ ಎರಡು ಸಲ ನೋಡಿ ಮಲಗುತ್ತಿದ್ದ ಕಾಲ.

ಮೈದುನ ಕೇಳಿದ: “ಸಂಶಯ ಬರಲಿ ದೊಡ್ಡಪ್ಪ. ಜಗಲಿ ಮೇಲೆ ಯಾಕೆ ಬರಲಿಲ್ಲ? ಆ ತೀರ್ಥಹಳ್ಳಿ ಹುಡುಗರನ್ನ ಯಾಕೆ ಎಬ್ಬಿಸಲಿಲ್ಲ?”

ಹಿರಿಯರು ಕತ್ತಿಯಿಂದ ಕಣ್ಣೆತ್ತಲಿಲ್ಲ. “ಅವರು ನಮ್ಮವರಲ್ವನೋ.”

ಮೈದುನ ಕಾನೂನು ಹೇಳಿದ. 1996ರಲ್ಲಿ ಸುಪ್ರೀಂ ಕೋರ್ಟು ಡಿ.ಕೆ. ಬಸು ಪ್ರಕರಣದಲ್ಲಿ ಕೊಟ್ಟ ತೀರ್ಪು. ಹಿಡಿಯುವಾಗ ಅಲ್ಲೇ ಬಂಧನದ ಕಾಗದ ಬರೆಯಬೇಕು, ಹೊತ್ತು ತಾರೀಕು ಹಾಕಬೇಕು, ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿಯಾಗಿ ಸಹಿ ಹಾಕಬೇಕು. ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು. ಎಲ್ಲಿ ಇಟ್ಟಿದ್ದೇವೆ ಎಂದು ಸಂಬಂಧಿಕರಿಗೆ ತಿಳಿಸಬೇಕು. ನಲವತ್ತೆಂಟು ಗಂಟೆಗೊಮ್ಮೆ ಡಾಕ್ಟರು ನೋಡಬೇಕು. ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಬಾಯಿ ಬಿಡಿಸಲು ಹೊಡೆದರೆ ಆಗಿನ ಐಪಿಸಿ 330ನೇ ಕಲಮಿನಂತೆ ಏಳು ವರ್ಷದವರೆಗೆ ಶಿಕ್ಷೆ. ಒಂದೊಂದನ್ನೂ ಬೆರಳು ಮಡಿಚಿ ಹೇಳಿದ. 1871ರಲ್ಲಿ ಬ್ರಿಟಿಷರು ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದ ಕಾಯ್ದೆಯ ಕಥೆಯನ್ನೂ ಹೇಳಿದ. 1952ರಲ್ಲಿ ಅದು ರದ್ದಾಯಿತು, ಪಟ್ಟಿ ಮಾತ್ರ ಠಾಣೆಯ ತಲೆಯೊಳಗೆ ಉಳಿಯಿತು ಎಂದ.

ಅಂಗಳದಿಂದ ಆ ಕೂಲಿಯ ಹೆಂಗಸು, ಹಂಡೆಯ ಉರಿ ಎಳೆದವಳು, ತಲೆಯೆತ್ತದೆ ಕೇಳಿದಳು: “ಸಣ್ಣಯ್ಯ, ಕಾಗದಕ್ಕೆ ಊರಿನ ಗೌರವಸ್ಥರ ಸಹಿ ಬೇಕು ಅಂದ್ರಲ್ಲ. ಮೊನ್ನೆ ಏಳು ಜನ ಇದ್ರಲ್ಲ ಅಲ್ಲಿ?”

ಚರ್ಚೆ ಅಲ್ಲಿಗೆ ನಿಂತಿತು. ಮೆಟ್ಟುಗತ್ತಿಗಳ ಸದ್ದು ಮಾತ್ರ.

ಮೂರನೆಯ ದಿನ ಮಧ್ಯಾಹ್ನ ಅವನು ಬಂದ. ಟಾರು ರಸ್ತೆಯವರೆಗೆ ತಂದು ಬಿಟ್ಟಿದ್ದರು. ಅಲ್ಲಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ, ಅವನಿಗೆ ಒಂದು ಗಂಟೆ ಹಿಡಿಯಿತು. ಹಿಮ್ಮಡಿಯ ಮೇಲೆ ಭಾರ ಹಾಕಿ, ಬೇಲಿಯ ಗೂಟ ಹಿಡಿದು ಹಿಡಿದು. ಮುಖದಲ್ಲಿ ಒಂದು ಗಾಯವಿಲ್ಲ. ಅತ್ತೆ ಬಿಸಿನೀರು ಕಾಯಿಸಿಕೊಟ್ಟರು. ಅವನು ಅಂಗಳದ ಕಲ್ಲಿನ ಮೇಲೆ ಕೂತು ಬಕೆಟ್ಟಿಗೆ ಕಾಲಿಟ್ಟಾಗ ನಾನು ಅಂಗಾಲು ನೋಡಿದೆ. ಬಾತು, ನೀಲಿಗಟ್ಟಿ, ಮಧ್ಯದಲ್ಲಿ ಚರ್ಮ ಬಿರಿದಿತ್ತು. ಮರವನ್ನು ಒತ್ತಿ ಹಿಡಿಯುವ ಜಾಗ ಅದೇ.

ಅವನ ಮೇಲೆ ಕೇಸಿಲ್ಲ. ಬಂಧಿಸಿದ ಕಾಗದವೂ ಇಲ್ಲ, ಬಿಟ್ಟ ಕಾಗದವೂ ಇಲ್ಲ. ಸರ್ಕಾರದ ಯಾವ ಪುಸ್ತಕದಲ್ಲೂ ಆ ಮೂರು ದಿನಗಳು ನಡೆದೇ ಇಲ್ಲ. ಮೈದುನ ರಾತ್ರಿ ಕೂತು ಮೂರು ಪುಟದ ಅರ್ಜಿ ಬರೆದು, ಓದಿ ಹೇಳಿ, ಸಹಿ ಹಾಕು ಎಂದ. ಅವನು ಪೆನ್ನು ಮುಟ್ಟಲಿಲ್ಲ.

“ಬೇಡ ಸಣ್ಣಯ್ಯ. ಇದನ್ನ ಕೊಟ್ಟು ನೀವು ಶಿವಮೊಗ್ಗಕ್ಕೆ ಹೋಗ್ತೀರಿ. ನಾನು ಇಲ್ಲೇ ಇರ್ಬೇಕಲ್ಲ.”

ಆ ವರ್ಷ ಬೇರೆ ಕೊನೆಗಾರ ಸಿಗಲು ಹದಿನೈದು ದಿನವಾಯಿತು. ಕೊನೆಗಳು ಮರದಲ್ಲೇ ಹಣ್ಣಾದವು. ಹಸಿರಡಿಕೆಯಾಗಿ ಬೇಯಬೇಕಾದದ್ದು ಗೋಟಾಯಿತು. ಎಷ್ಟು ನಷ್ಟವೆಂದು ಮಾವಯ್ಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಪುಸ್ತಕ ಈಗಲೂ ಇದೆ. ಅವನು ಮತ್ತೆ ಮರ ಹತ್ತಲಿಲ್ಲ. ಎರಡು ವರ್ಷ ಪ್ರಯತ್ನಪಟ್ಟ. ಅರ್ಧ ಮರಕ್ಕೆ ಹೋದಾಗ ಕಾಲು ಉರಿದು ನಡುಗಿ ಇಳಿದುಬಿಡುತ್ತಿದ್ದ. ಆಮೇಲೆ ಬೇಯಿಸುವ ಕೆಲಸಕ್ಕೆ ನಿಂತ. ಕೊನೆಗಾರನ ಕೂಲಿಗೂ ಬೇಯಿಸುವವನ ಕೂಲಿಗೂ ಇರುವ ಅಂತರ ಮಲೆನಾಡಿನವರಿಗೆ ಗೊತ್ತು.

2007ರ ಜುಲೈ 10ರಂದು ನಮ್ಮ ಕೊಪ್ಪ ತಾಲ್ಲೂಕಿನ ಒಡೆಯರ ಮಠದಲ್ಲಿ ಗುಂಡಿನ ಚಕಮಕಿಯಾಯಿತು. ಐವರು ಸತ್ತರು. ಅವರಲ್ಲಿ ಆ ಮನೆಯ ಗಂಡ ಹೆಂಡತಿಯೂ ಸೇರಿದ್ದರು. ಸತ್ತವರೆಲ್ಲ ನಕ್ಸಲರಲ್ಲ, ಕಾಡಿನ ಬಡವರು ಎಂದು ಮಾನವ ಹಕ್ಕಿನವರು ಹೇಳಿದರು. ನಕ್ಸಲರಿಗೆ ಆಶ್ರಯ ಕೊಟ್ಟಿದ್ದ ಮನೆ ಎಂಬ ವಾದವೂ ಬಂತು. ಆ ಸುದ್ದಿ ಕೇಳಿದ ದಿನ ಅವನು ಕೆಲಸಕ್ಕೆ ಬರಲಿಲ್ಲ. ಮಾರನೆಯ ದಿನ ಬಂದವನು, “ನಾನಾದ್ರೆ ನಡ್ಕೊಂಡು ಬಂದೆ ಅಮ್ಮಾ,” ಎಂದ. ಅವತ್ತಿನ ಬಗ್ಗೆ ಅವನು ಬಾಯಿ ಬಿಟ್ಟದ್ದು ಅದೊಂದೇ ಸಲ ಎಂದುಕೊಂಡಿದ್ದೆ, ಹದಿಮೂರು ವರ್ಷ.

ನಡುವೆ ಎಷ್ಟೋ ಆದವು. 2012ರಲ್ಲಿ ಘಟ್ಟದ ಕೆಳಗೆ ಕುತ್ಲೂರಿನ ವಿಠಲ ಮಲೆಕುಡಿಯ ಎಂಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು ತಂದೆಯ ಜೊತೆ ನಕ್ಸಲ್ ನಂಟಿನ ಆರೋಪದಲ್ಲಿ ಹಿಡಿದರು. ಪರೀಕ್ಷೆ ಬರೆಯಲು ಕೋಳ ತೊಡಿಸಿ ಕರೆತಂದರು. ಕೋಳವನ್ನು ಕಂಡಕಂಡವರಿಗೆ ತೊಡಿಸಬಾರದೆಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಅಪ್ಪ ಮಗ ಇಬ್ಬರೂ ನಿರ್ದೋಷಿಗಳೆಂದು ಕೋರ್ಟು ಹೇಳಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತೂವರೆ ವರ್ಷ! ಆ ಹುಡುಗ ಅಷ್ಟರೊಳಗೆ ಓದು ಮುಗಿಸಿ ಪತ್ರಕರ್ತನಾಗಿದ್ದ.

ಮತ್ತೆ ತನಿಕೋಡು. ಶೃಂಗೇರಿಯಿಂದ ಕೆರೆಕಟ್ಟೆಗೆ ಹೋಗುವ ದಾರಿಯ ಆ ಚೆಕ್‌ಪೋಸ್ಟು ನಮಗೆಲ್ಲ ಗೊತ್ತು. ಕಾರ್ಕಳ, ಉಡುಪಿಗೆ ಹೋಗುವಾಗ ಅಲ್ಲೇ ನಿಲ್ಲುವುದು. 2014ರ ಏಪ್ರಿಲ್ 19ರ ನಸುಕಿಗೆ ಅಲ್ಲಿ ಜಾನುವಾರು ಸಾಗಿಸುತ್ತಿದ್ದ ವಾಹನದಲ್ಲಿದ್ದ ಜೋಕಟ್ಟೆಯ ಯುವಕನೊಬ್ಬ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ಸತ್ತ. ಸಿಐಡಿ ತನಿಖೆಗೆ ಆದೇಶವಾಯಿತು. ಊರು ಎರಡಾಯಿತು. ಜಗಲಿಯ ಮೇಲೆ ಮತ್ತೆ ಚರ್ಚೆ. ದನ ಸಾಗಿಸುವವನಿಗೆ ಆಗಬೇಕಾದದ್ದೇ ಎಂದವರಿದ್ದರು. ಕತ್ತಲಲ್ಲಿ ಓಡಿದರೆ ನಕ್ಸಲನೋ ಯಾರೋ ಹೇಗೆ ಗೊತ್ತಾಗಬೇಕು ಎಂದವರೂ ಇದ್ದರು. ಆ ಹೊತ್ತಿಗೆ ಮೈದುನ ಶಿವಮೊಗ್ಗದಲ್ಲೇ ವಕೀಲನಾಗಿದ್ದ. ಅವನು ಆಗಿನ ಸಿಆರ್‌ಪಿಸಿ 46ನೇ ಕಲಮನ್ನು ಬಿಡಿಸಿ ಹೇಳಿದ: ಹಿಡಿಯಲು ಬೇಕಾದಷ್ಟು ಬಲ ಬಳಸಬಹುದು, ಆದರೆ ಗಲ್ಲು ಅಥವಾ ಜೀವಾವಧಿಯಂಥ ಶಿಕ್ಷೆಯ ಆರೋಪವಿಲ್ಲದವನ ಜೀವ ತೆಗೆಯುವ ಅಧಿಕಾರವನ್ನು ಈ ಕಲಮು ಕೊಡುವುದಿಲ್ಲ. ಆಗಿದ್ದ 1964ರ ಕಾಯ್ದೆಯಲ್ಲಿ ದನದ ಅಪರಾಧಕ್ಕೆ ಇದ್ದದ್ದು ತಿಂಗಳುಗಳಲ್ಲಿ ಎಣಿಸುವ ಶಿಕ್ಷೆ. “ಸತ್ತವನ ಹೆಸರು ಬೇರೆ ಆಗಿದ್ದಿದ್ರೆ ನೀವು ಇದೇ ಮಾತು ಆಡ್ತಿದ್ರಾ?” ಎಂದು ಕೇಳಿದ. ಆವತ್ತು ಎರಡು ಮನೆಯವರು ಮುಯ್ಯಾಳು ಬಿಟ್ಟರು. ಒಂದು ಮನೆಯವರು ಈಗಲೂ ನಮ್ಮಲ್ಲಿಗೆ ಬರುವುದಿಲ್ಲ.

2020ರ ಮಳೆಗಾಲ, ಕೊರೋನಾ ಕಾಲ. ಮಗಳು ಬೆಂಗಳೂರಿನಿಂದ ಬಂದು ಮನೆಯಲ್ಲೇ ಓದುತ್ತಿದ್ದಳು. ಒಂದು ಸಂಜೆ ಬಚ್ಚಲೊಲೆಯ ಮುಂದೆ ಕೈ ಕಾಯಿಸುತ್ತ ಕೂತಾಗ ಮೊಬೈಲಿನಲ್ಲಿ ಅಮೆರಿಕದ ಮಿನಿಯಾಪೊಲಿಸಿನ ವಿಡಿಯೋ ತೋರಿಸಿದಳು. ಮೇ 25ರಂದು ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಒಂಬತ್ತು ನಿಮಿಷಕ್ಕೂ ಹೆಚ್ಚು ಮಂಡಿಯೂರಿ ಕೂತದ್ದು. ಕಟ್ಟಿಗೆ ತಂದು ಹಾಕಲು ಬಂದ ಕೊನೆಗಾರನೂ ಬಗ್ಗಿ ನೋಡಿದ.

“ಅವ ಎಂತ ಮಾಡಿದ್ದ ಮಗಾ?”

“ಇಪ್ಪತ್ತು ಡಾಲರಿನ ಖೋಟಾ ನೋಟು ಕೊಟ್ಟ ಅಂತ ಅಂಗಡಿಯವರು ಹೇಳಿದ್ದಂತೆ.”

ಅವನು ಪೂರ್ತಿ ನೋಡಿದ. ಆಮೇಲೆ ಬೆಂಕಿಯ ಕಡೆ ತಿರುಗಿ, “ಸುತ್ತ ಜನ ಇದ್ರು ಅಲ್ದಾ,” ಎಂದ. ಮಗಳು ಹೇಳಿದಳು, ಇದ್ದರು, ಬಿಡಿ ಬಿಡಿ ಎಂದು ಕೂಗಿದರು, ವಿಡಿಯೋ ತೆಗೆದದ್ದು ಹದಿನೇಳು ವರ್ಷದ ಹುಡುಗಿ ಎಂದು.

“ಕೂಗಿದ್ರಾ?” ಎಂದ ಅವನು. ನಾನು ತಲೆಯೆತ್ತಲಿಲ್ಲ.

ಮಗಳು ಅಲ್ಲಿ ಬಣ್ಣ ನೋಡಿ ಹೊಡೆಯುತ್ತಾರೆ ಎಂದು ವಿವರಿಸುತ್ತಿದ್ದಳು. “ಅಲ್ಲಿ ಬಣ್ಣ ಆತು. ಇಲ್ಲಿ ನಾವೂ ಅವರೂ ಒಂದೇ ಬಣ್ಣ. ಹೇಗೆ ಗೊತ್ತು ಮಾಡ್ತಾರೆ ಮಗಾ?” ಎಂದು ಅವನು ಕೇಳಿದ. ಅವಳಿಗೆ ಹೇಳಲು ಬರಲಿಲ್ಲ. ನನಗೆ ಬರುತ್ತಿತ್ತು. ಊರಿನ ಹೆಸರು ಕೇಳಿ ಗೊತ್ತು ಮಾಡುತ್ತಾರೆ. ಅಪ್ಪನ ಹೆಸರು ಕೇಳಿ. ಗಡ್ಡ, ಟೋಪಿ ನೋಡಿ. ನಿಲ್ಲುವಾಗ ಕೈ ಎಲ್ಲಿಟ್ಟುಕೊಳ್ಳುತ್ತಾನೆ ಎಂಬುದನ್ನು ನೋಡಿ. ಯಾವ ಮೆಟ್ಟಿಲ ಮೇಲೆ ಕೂತಿದ್ದಾನೆ ಎಂಬುದನ್ನು ನೋಡಿ.

ಮರುವರ್ಷ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಗೋಣಿಬೀಡಿನಿಂದ ಸುದ್ದಿ ಬಂತು. ಠಾಣೆಯಲ್ಲಿ ಕೂಡಿಹಾಕಿದ್ದ ದಲಿತ ಯುವಕ ನೀರು ಕೇಳಿದ್ದಕ್ಕೆ ಅವನ ಬಾಯಿಗೆ ಮೂತ್ರ ಹೊಯ್ಯಿಸಿದರು, ಜಾತಿ ಕೇಳಿ ಬೈದರು ಎಂಬ ದೂರು. ಆ ಯುವಕ ಹೆದರದೆ ಮೇಲಿನವರಿಗೆ ಬರೆದ. ಕೇಸಾಯಿತು, ಸಬ್ ಇನ್ಸ್‌ಪೆಕ್ಟರ್ ಅಮಾನತಾದರು, ಸಿಐಡಿ ಬಂತು, ಬಂಧನವೂ ಆಯಿತು. ಅದೇ ಆಗಸ್ಟಿನಲ್ಲಿ ಬೆಂಗಳೂರಿನ ಜೆ.ಸಿ. ನಗರ ಠಾಣೆಯಲ್ಲಿದ್ದ ಕಾಂಗೋ ದೇಶದ ವಿದ್ಯಾರ್ಥಿ ಸತ್ತ. ನ್ಯಾಯ ಕೇಳಲು ಸೇರಿದ ಆಫ್ರಿಕಾದ ಹುಡುಗರ ಮೇಲೆ ಲಾಠಿ ಬೀಸಿದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದೆವು. ಬಣ್ಣ ನೋಡುವುದು ಅಮೆರಿಕದವರಿಗೆ ಮಾತ್ರ ಬರುವ ವಿದ್ಯೆಯಲ್ಲ ಎಂದು ಮಗಳು ಆ ದಿನ ಫೋನಿನಲ್ಲಿ ಅತ್ತಳು. ಠಾಣೆಗಳ ಒಳಗೆಲ್ಲ ಸಿಸಿಟಿವಿ ಇರಬೇಕು, ಲಾಕಪ್ಪಿನಲ್ಲೂ, ಮೊಗಸಾಲೆಯಲ್ಲೂ ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲೇ ಹೇಳಿಯಾಗಿತ್ತು.

ಗೋಣಿಬೀಡಿನ ಹುಡುಗ ಬರೆದ ಸುದ್ದಿಯನ್ನು ನಾನು ಪೇಪರಿನಿಂದ ನಮ್ಮ ಕೊನೆಗಾರನಿಗೆ ಓದಿ ಹೇಳಿದೆ. ಕೇಳಿಸಿಕೊಂಡು, “ಸಹಿ ಹಾಕಿದ್ನಾ ಅವ?” ಎಂದ. ಹೂಂ ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ಸಣ್ಣಯ್ಯ ಬರೆದ ಆ ಕಾಗದ ಉಂಟಾ ಅಮ್ಮಾ?” ಎಂದ. ಹುಡುಕಿದೆ. ಮಾವಯ್ಯನ ಲೆಕ್ಕದ ಪುಸ್ತಕದೊಳಗೆ, 2005ರ ಗೋಟಡಿಕೆಯ ಪುಟದಲ್ಲಿ ಮಡಿಚಿಟ್ಟಿತ್ತು. ಮೂರು ಪುಟ, ಹುಳ ತಿಂದು ಅಂಚು ಹೋಗಿತ್ತು. ಅವನು ತೆಗೆದುಕೊಂಡು ಹೋದ. ಏನು ಮಾಡಿದನೋ ಕೇಳಿಲ್ಲ.

ಮಾವಯ್ಯ ಈಗಿಲ್ಲ. ನಾನೇ ಯಜಮಾನಿಕೆ ನೋಡುವವಳು. ಅವನನ್ನು ‘ನೀವು’ ಎನ್ನಲು ನನಗೆ ಎರಡು ವರ್ಷ ಹಿಡಿಯಿತು. ಮೊದಲ ದಿನ ಹಾಗೆಂದಾಗ ಅವನು ಹಿಂದೆ ತಿರುಗಿ ಯಾರು ಬಂದರು ಎಂದು ನೋಡಿದ್ದ. ಜಗಲಿಗೆ ಬಂದು ಕೂರಿ ಎಂದು ಪ್ರತಿ ಕೊಯ್ಲಿನಲ್ಲೂ ಕರೆಯುತ್ತೇನೆ. “ಇಲ್ಲೇ ಬೆಚ್ಚಗುಂಟು ಅಮ್ಮಾ,” ಎನ್ನುತ್ತಾನೆ. ಇಲ್ಲಿ ಬರೆಯುವಾಗಲೂ ‘ಅವನು’ ಎಂದೇ ಬರುತ್ತಿದೆ, ನೋಡಿ.

2025ರ ಜನವರಿ. ಎಂಟನೇ ತಾರೀಕು ಸಂಜೆ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ನಮ್ಮ ಕಡೆಯ ಮುಂಡಗಾರು ಲತಾ ಅವರಲ್ಲಿ ಒಬ್ಬರು. ಹಿಂದಿನ ನವೆಂಬರಿನಲ್ಲಿ ಹೆಬ್ರಿ ಹತ್ತಿರ ಪೀತಬೈಲಿನಲ್ಲಿ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತಿದ್ದರು. ಇನ್ನು ಕಾಡಿನಲ್ಲಿ ಯಾರೂ ಉಳಿಯುವುದಿಲ್ಲ ಎಂದು ಟಿವಿಯವರು ಹೇಳುತ್ತಿದ್ದರು. ಅಂಗಳದಲ್ಲಿ ಆ ವರ್ಷದ ಕೊನೆಯ ಹಂಡೆ ಬೇಯುತ್ತಿತ್ತು. ಕಿಟಕಿಯಿಂದ ಸುದ್ದಿ ಕೂಗಿ ಹೇಳಿದೆ. “ಒಳ್ಳೇದಾತು,” ಎಂದು ಅವನು ಕಟ್ಟಿಗೆ ನೂಕಿದ.

ಸ್ವಲ್ಪ ಹೊತ್ತಿಗೆ ತೋಟದ ದಾರಿಯಲ್ಲಿ ವಾಹನದ ದೀಪ ಕಂಡಿತು. ಮೈದುನ ಶಿವಮೊಗ್ಗದಿಂದ ಬರುವವನಿದ್ದ, ನನಗೆ ಗೊತ್ತಿತ್ತು. ಅವನಿಗೂ ಹೇಳಿದ್ದೆ. ದೀಪ ತಿರುವು ದಾಟಿ ನೇರ ಅಂಗಳಕ್ಕೆ ಬಿತ್ತು, ಮರದ ನೆರಳುಗಳು ಓಡಿದವು. ಅವನು ಒಲೆಯ ಪಕ್ಕದಿಂದ ಎದ್ದು ನಿಂತ. ಎಡಗೈಯಿಂದ ಹೆಗಲ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಆ ಹೆಗಲನ್ನು ಬೆಳಕಿನ ಕಡೆಗೆ ತುಸು ಮುಂದೆ ಮಾಡಿದ. ಗೆರೆ ಮಾಸಿಹೋಗಿ ಎಷ್ಟೋ ವರ್ಷವಾಗಿದೆ. ಮೈದುನ ಇಂಜಿನ್ ನಿಲ್ಲಿಸಿ ದೀಪ ಆರಿಸುವವರೆಗೂ ಹಾಗೇ ನಿಂತಿದ್ದ.